ನೀಲಗಂಗವ್ವನ ಬಾಗಿಲು

ಚಿಲಕಗಳೆಲ್ಲ ಹೋಗಿ, ಬಾಗಿಲುಗಳು ಒಳಗಿದ್ದವರ ಮಾತಿಗಷ್ಟೇ ತೆರೆಯುತ್ತಿದ್ದ ಕಾಲ. ಮಾನಸಿಕ ಕಾಯಿಲೆಯವರ ಆಸರೆಮನೆಗೆ ತಪಾಸಣೆಗೆಂದು ಬಂದ ಅಧಿಕಾರಿ ಅಲ್ಲಿದ್ದ ನೀಲಗಂಗವ್ವನ ಕೋಣೆಯ ಬಾಗಿಲು ತಟ್ಟಿದರು.

ಹಿಂದಿದ್ದ ಆಸರೆಮನೆಯಲ್ಲಿ ಯಾರು ತಟ್ಟಿದರೂ ಅವಳು ಹೆದರಿ “ಬರ್ರಿ” ಎಂದುಬಿಡುತ್ತಿದ್ದಳು, ಮೈಮೇಲೆ ಸೀರೆ ಇಲ್ಲದಾಗಲೂ. ಇವತ್ತೂ ಆ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

“ತಲಿ ಬಾಚ್ಕೊಳ್ಳಾಕತ್ತೀನಿ. ಆಮ್ಯಾಲೆ ಬರ್ರಿ.”

ಬಾಗಿಲು ಅಲುಗಲಿಲ್ಲ. ಹೊರಗೆ ಮೇಲ್ವಿಚಾರಕಿ ಸುಗಂಧಾಬಾಯಿ ಗಡಬಡಿಸಿ ಕೈಮುಗಿದಳು. “ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ...”

ಅಧಿಕಾರಿ ನಗುತ್ತ ಬೆಂಚಿನ ಮೇಲೆ ಕೂತರು. “ಈ ವರ್ಷ ನಲವತ್ತು ಆಸರೆಮನಿ ನೋಡೀನಿ. ಎಲ್ಲಾ ಬಾಗಿಲೂ ತಟ್ಟಿದ ಕೂಡ್ಲೆ ಅಂಜಿ ತೆರದ್ವು. ನನ್ನ ಕಾಯಿಸಿದ್ದು ಇದೊಂದ. ಈ ಮನಿಗೆ ಪೂರ್ತಿ ಅಂಕ!”

ಅದನ್ನು ಕೇಳಿಸಿಕೊಂಡ ನೀಲಗಂಗವ್ವ, ಹೆಣೆದು ಮುಗಿದಿದ್ದ ಜಡೆಯನ್ನು ಬಿಚ್ಚಿ, ಮತ್ತೆ ಮೊದಲಿಂದ ಬಾಚತೊಡಗಿದಳು.