ಸದ್ದಿಲ್ಲದ ಪಂಪು

ಚಿಕ್ಕ ಪಂಪಿನ ಕೆಳಗೆ ಸ್ಪಂಜಿನ ತುಂಡೊಂದನ್ನು ತೂರಿಸಿ ಅಖೀಲ್ ಕಿವಿಗೊಟ್ಟ. ಗುಂಯ್ ಅನ್ನುವುದು ನಿಂತಿರಲಿಲ್ಲ. ಎದ್ದು ಕಿಟಕಿಯವರೆಗೆ ಹೋದ, ವಾಪಸು ಬಂದು ಕೂತ, ಮತ್ತೆ ಎದ್ದ. ಮುಚ್ಚಳ ಬಿಚ್ಚಿಟ್ಟ ಕಂಪ್ಯೂಟರಿನೊಳಗೆ ಗಾಜಿನಂಥ ಕೊಳವೆಗಳಲ್ಲಿ ನೀರು ಸುತ್ತುತ್ತಿತ್ತು. ಎಲ್ಲೂ ಸೋರುತ್ತಿಲ್ಲವೆಂದು ಖಾತ್ರಿಯಾಗುವವರೆಗೆ ಪಂಪನ್ನು ಮಾತ್ರ ಓಡಿಸಿ ನೋಡಬೇಕು. ಇನ್ನೊಂದು ಪಂಪು, ದಪ್ಪನೆಯದು, ಮೇಜಿನ ಮೇಲೆ ಕೂತಿತ್ತು. ಚಿಕ್ಕದಕ್ಕೆ ಕಸುವು ಜಾಸ್ತಿ, ನೀರು ತಣಿಸುವ ಎರಡು ರೇಡಿಯೇಟರು ದಾಟಿಸಿ ನೀರನ್ನು ಸಲೀಸಾಗಿ ನೂಕುತ್ತದೆ, ಆದರೆ ಗುಂಯ್‌ಗುಡುತ್ತದೆ. ದಪ್ಪನೆಯದು ಓಡುತ್ತಿರುವುದೇ ತಿಳಿಯುವುದಿಲ್ಲ, ಆದರೆ ನೂಕುವ ಶಕ್ತಿ ಕಮ್ಮಿ. ಎರಡನ್ನೂ ಬದಲಿಸಿ ಬದಲಿಸಿ ಹಾಕಿ ನೋಡಿದ್ದ. ಮನಸ್ಸು ಒಂದರ ಮೇಲೂ ನಿಲ್ಲುತ್ತಿರಲಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರದ ಸ್ಟುಡಿಯೋದವರೆಲ್ಲ ಮದುವೆ ವಿಡಿಯೋಗಳನ್ನು ಎಡಿಟಿಂಗಿಗೆಂದು ತಂದು ಸುರಿಯುತ್ತಿದ್ದದ್ದು ಅವನ ಮುಂದೆಯೇ. ಹೋದ ಸೀಸನ್ನಿನಲ್ಲಿ ಕಂಪ್ಯೂಟರು ಬಿಸಿಯೇರಿ ಕೆಲಸದ ನಡುವೆ ಆರಿಹೋಗಿ, ಮಾಡಿದ್ದನ್ನೇ ಮತ್ತೆ ಮಾಡುವಂತಾಗಿತ್ತು. ಫ್ಯಾನಿನ ಗಾಳಿ ಸಾಲದು, ನೀರೇ ಹರಿಸಬೇಕೆಂದು ಹಟ ಹಿಡಿದ. ತರೀಕೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಗೆಳೆಯ ಹೊನ್ನೇಶ ಎರಡೂ ಪಂಪು ಕೊಟ್ಟು, ಬೇಡದ್ದನ್ನು ವಾಪಸು ಮಾಡು ಅಂದಿದ್ದ. ಇವತ್ತು ಬೆಳಗಿನಿಂದ, ಯಾವುದೋ ಒಂದು ಹೇಳಿಬಿಡಪ್ಪಾ ಎಂದು ಫೋನಿನ ಮೇಲೆ ಫೋನು ಮಾಡುತ್ತಿದ್ದ.

ಪಕ್ಕದ ಕೋಣೆಯಲ್ಲಿ ಅಬ್ಬಾ ಮುನೀರ್ ಪಾಷಾ ಇದ್ದರು. ಬ್ಯಾಂಡ್‌ಸೆಟ್ಟಿನಲ್ಲಿ ಜೀವಮಾನವಿಡೀ ಕ್ಲಾರಿಯೋನೆಟ್ ಊದಿದವರು. ಈಗ ಶ್ವಾಸಕೋಶ ಸೋತು, ಆಕ್ಸಿಜನ್ ಮೆಷಿನ್ನಿನ ಕೊಳವೆ ಮೂಗಿನಲ್ಲೇ ಇರಬೇಕಿತ್ತು. ಆ ಮೆಷಿನ್ನಿನದೂ ಇಂಥದೇ ಗುಂಯ್ ಅನ್ನುವ ಸದ್ದು. ಮನೆಯವರು ಅಡುಗೆಮನೆಯಲ್ಲಿರಲಿ, ಹಿತ್ತಲಲ್ಲಿರಲಿ, ಒಂದು ಕಿವಿ ಅದರ ಕಡೆಗೇ. ಕರೆಂಟು ಹೋಗಿ ಅದು ನಿಂತರೆ ಯಾರಾದರೂ ಓಡಿಹೋಗಿ ಕೊಳವೆಯನ್ನು ಸಿಲಿಂಡರಿಗೆ ಬದಲಿಸುತ್ತಿದ್ದರು. ಕರೆಂಟು ಹೋದಾಗ ಕೂಗಬೇಕಾದ ಅದರ ಅಲಾರಾಂ ಕೆಟ್ಟಿತ್ತು. ಮನೆಯ ಇನ್ವರ್ಟರಿನ ಲೈನು ದೀಪ, ಫ್ಯಾನು, ಕಂಪ್ಯೂಟರಿಗೆ ಮಾತ್ರ. ಮೆಷಿನ್ನಿನ ಲೋಡು ಅದು ತಡೆಯುತ್ತಿರಲಿಲ್ಲ. ಅಮ್ಮಿಯನ್ನು ಕರೆದುಕೊಂಡು ಸಖರಾಯಪಟ್ಟಣದ ನೆಂಟರ ಮನೆಗೆ ಹೊರಟ ಹೆಂಡತಿ ಅರ್ಫಾ, ಮಾವನ ಕಡೆ ನಿಗಾ ಇರಲಿ ಎಂದು ಬಾಗಿಲಲ್ಲಿ ನಿಂತು ಹೇಳಿದ್ದಳು. ಸದ್ದು ಕೇಳುತ್ತಲೇ ಇರುತ್ತದಲ್ಲ ಅಂದಿದ್ದ ಅಖೀಲ್.

ಈಗ ಗುಂಯ್‌ಗುಡುವುದರ ಜೊತೆಗೆ ಟಕ್ ಟಕ್ ಎಂದೂ ಕೇಳಿಸತೊಡಗಿತು. ಪಂಪಿನ ಸ್ಕ್ರೂ ಸಡಿಲವಾಗಿರಬೇಕೆಂದು ಬಿಗಿ ಮಾಡಿದ. ನಿಲ್ಲಲಿಲ್ಲ. ಇನ್ನೊಂದು ಸ್ಪಂಜು ಇಟ್ಟ. ಸ್ವಲ್ಪ ಹೊತ್ತಿಗೆ ಟಕ್ ಟಕ್ ತಾನಾಗಿ ನಿಧಾನವಾಯಿತು, ನಿಂತೂ ಹೋಯಿತು. ಸ್ಪಂಜು ಕೆಲಸ ಮಾಡಿತು ಅಂದುಕೊಂಡ. ಆದರೂ ಸಮಾಧಾನವಾಗಲಿಲ್ಲ. ದಪ್ಪ ಪಂಪನ್ನೇ ಇನ್ನೊಮ್ಮೆ ಹಾಕಿ ನೋಡೋಣವೆಂದು ಸ್ವಿಚ್ ಆರಿಸಿದ.

ಪಂಪು ನಿಂತಿತು. ಇಡೀ ಮನೆ ನಿಶ್ಶಬ್ದವಾಯಿತು.

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅದರಾಚೆ ಏನೂ ಇರಲಿಲ್ಲ. ಏನೋ ಒಂದು ಕೇಳಬೇಕಿತ್ತು, ಕೇಳುತ್ತಿಲ್ಲ ಎಂದು ಹೊಳೆದದ್ದೇ ಅಖೀಲ್ ಎದ್ದು ಓಡಿದ.

ಅಬ್ಬಾ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ಬಾಯಿ ತೆರೆದಿತ್ತು, ಕೂಗುವಷ್ಟು ಉಸಿರು ಒಳಗಿರಲಿಲ್ಲ. ಸ್ಟೀಲ್ ಲೋಟವೊಂದು ಮಂಚದ ಕಬ್ಬಿಣದ ಕಾಲಿಗೆ ಆನಿಕೊಂಡು ಕೈಯಲ್ಲೇ ಉಳಿದಿತ್ತು. ಬಡಿದು ಬಡಿದು ಅದರ ಅಂಚು ನೆಗ್ಗಿಹೋಗಿತ್ತು. ಅಖೀಲ್ ಸಿಲಿಂಡರಿನ ಕೀ ತಿರುಗಿಸಿದ. ಗಾಳಿ ಸುಯ್ಯೆಂದಿತು. ಕೊಳವೆ ಸಿಕ್ಕಿಸಿ, ಅಬ್ಬಾನ ಬೆನ್ನಿಗೆ ಎದೆ ಕೊಟ್ಟು ಕೂತ. ಆ ಬೆನ್ನು ಏರಿಳಿದು ಏರಿಳಿದು ತಹಬಂದಿಗೆ ಬರುವಷ್ಟರಲ್ಲಿ ಅವನ ಅಂಗಿ ತೊಯ್ದುಹೋಗಿತ್ತು.

ಅಮ್ಮಿಯನ್ನು ನೆಂಟರ ಮನೆಯಲ್ಲೇ ಬಿಟ್ಟು ಅರ್ಫಾ ಬಂದಳು. ಸಿಲಿಂಡರ್ ನೋಡಿ ಹೊಸ್ತಿಲಲ್ಲೇ ನಿಂತಳು.

"ಕರೆಂಟ್ ಹೋಗಿ ಎಷ್ಟೊತ್ತಾಯ್ತು?"

ಅಖೀಲ್ ಬಾಯಿ ತೆರೆದ. ಅಷ್ಟರಲ್ಲಿ ಅಬ್ಬಾ ಕೈ ಎತ್ತಿದರು.

"ಈಗ್ತಾನೆ ಹೋಯ್ತಮ್ಮ," ಅಂದರು, ಪದಕ್ಕೊಂದು ಉಸಿರು ಎಳೆಯುತ್ತಾ. "ಹೋದ ಕೂಡ್ಲೆ ಓಡ್ಬಂದ."

ಸದ್ಯ, ನೀವಿದ್ರಲ್ಲ ಎಂದು ಗಂಡನಿಗೆ ಹೇಳಿ ಅರ್ಫಾ ಚಾ ಇಡಲು ಒಳಗೆ ಹೋದಳು. ಅಖೀಲ್ ಅಬ್ಬಾನ ಬೆರಳು ಬಿಡಿಸಿ ಲೋಟ ತೆಗೆದುಕೊಂಡ.

ಸಂಜೆ ಹೊನ್ನೇಶ ಫೋನು ಮಾಡಿದಾಗ, ದಪ್ಪನೆಯದನ್ನೇ ಇಟ್ಟುಕೊಳ್ಳುತ್ತೇನೆ ಅಂದ. ಲೋಡು ಹಾಕಿ ಹೀಟು ಎಷ್ಟು ಬರುತ್ತದೆಂದು ನೋಡಿದೆಯಾ ಎಂದು ಹೊನ್ನೇಶ ಕೇಳಿದ.

"ನೋಡ್ಲಿಲ್ಲ. ಸದ್ದು ಬರ್ಬಾರ್ದು, ಅಷ್ಟೆ."

ಮದುವೆ ಸೀಸನ್ನು ಶುರುವಾಯಿತು. ಕಂಪ್ಯೂಟರು ಒಮ್ಮೆಯೂ ಬಿಸಿಯೇರಲಿಲ್ಲ, ಒಮ್ಮೆಯೂ ಗುಂಯ್ ಅನ್ನಲಿಲ್ಲ. ಅಬ್ಬಾನ ಮೆಷಿನ್ನಿಗೆಂದೇ ಬೇರೆ ಇನ್ವರ್ಟರು ಬಂತು, ಅಲಾರಾಂ ರಿಪೇರಿಯಾಯಿತು. ಮೆಷಿನ್ನಿನ ಸದ್ದು ಗೋಡೆಯಾಚೆಯಿಂದ ನಿಚ್ಚಳವಾಗಿ ಕೇಳುತ್ತಿತ್ತು. ಆದರೂ ಮದುಮಗಳು ತಲೆಯೆತ್ತಿ ನಗುವ ಹೊತ್ತಿಗೆ ಸರಿಯಾಗಿ ಅಖೀಲ್ ವಿಡಿಯೋ ನಿಲ್ಲಿಸಿ ಎದ್ದುಹೋಗುತ್ತಿದ್ದ. ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತು, ಹೊದಿಕೆ ಮೇಲೇಳುವುದನ್ನೂ ಇಳಿಯುವುದನ್ನೂ ನೋಡಿ ಬರುತ್ತಿದ್ದ. ಬಂದು ಕೂತು, ಮತ್ತೆ ಎದ್ದುಹೋಗುತ್ತಿದ್ದ.

ಒಂದು ಮಧ್ಯಾಹ್ನ ಅಬ್ಬಾ ಕಣ್ಣು ತೆರೆಯದೆಯೇ ಅಂದರು:

"ಇದೀನಿ ಕಣೋ. ಹೋಗಿ ಕೆಲ್ಸ ನೋಡು."