ನೀಲಗಿರಿ ಎಣ್ಣೆಯ ಮಧ್ಯಾಹ್ನ

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಈಗಲೂ ಪುಣೆಯ ಧನಕವಡಿಯ ನಮ್ಮ ಹಳೆಯ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಕುಡಿತಕ್ಕೆ ಬಿದ್ದು ವರ್ಷಗಟ್ಟಲೆ ಮನೆ ಬಿಟ್ಟಿದ್ದ ಕಾಕಾ, ಸಾಯುವ ಸ್ಥಿತಿಯಲ್ಲಿ ಮರಳಿ ಬಂದಿದ್ದ. ಅಜ್ಜಿ ಅವನ ಬಾತ ಕಾಲುಗಳನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನಾನು ಶೀಶೆ ಹಿಡಿದು ಪಕ್ಕದಲ್ಲಿ ಕೂತಿದ್ದೆ.

"ಅವ್ವಾ, ಚರ್ಚಿನ ಮೆಟ್ಟಿಲು ಹತ್ತಿ ಭಾಳ ವರ್ಷ ಆತು. ಯೇಸುಸ್ವಾಮಿ ನನ್ನನ್ನ ಒಳಗ ಕರಕೊಂತಾನೇನು?" ಎಂದು ಕಾಕಾ ಕೇಳಿದ.

ಅಜ್ಜಿ ಕೈ ನಿಲ್ಲಿಸಲಿಲ್ಲ. "ನೀ ಹುಟ್ಟಿದಾಗ ನನಗೇನು ತಂದಿದ್ದಿ? ಬರೇ ಅಳಕೋತ ಬಂದಿ. ಆದ್ರೂ ಎತ್ತಿ ಎದಿಗೆ ಅವಚಿಕೊಂಡೆ. ಆತನೂ ಹಂಗ ಮಾಡ್ತಾನ."

ಕಾಕಾ ಕಣ್ಣು ಮುಚ್ಚಿ, ಬಿಗಿಹಿಡಿದಿದ್ದ ಕಾಲುಗಳನ್ನು ಸಡಿಲ ಬಿಟ್ಟ.

ಆ ವಾರವೇ ಅವನು ತೀರಿಕೊಂಡ. ಮಣ್ಣು ಹಾಕುವಾಗ ಅಜ್ಜಿ ಅತ್ತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಗುಂಡಿಯತ್ತ ಬಾಗಿ, "ಮುಂದ ನಡಿಯಪ್ಪಾ, ನಾ ಹಿಂದ ಬರ್ತೀನಿ," ಎಂದಳು.