ಮಹಡಿ ಬಾಗಿಲ ಚಿಲಕ

"ಅಣ್ಣನ್ನ ಕೊಂದಿದ್ದು ನಾನೇ ಅಕ್ಕ," ಎಂದರು ಡಾಕ್ಟರು.

ಅಕ್ಕ ಆಗತಾನೇ ಒಳಗೆ ಬಂದು, ಕೋಣೆಯ ಚಿಲಕ ಹಾಕಿ, ಅಭ್ಯಾಸದಂತೆ ಇನ್ನೊಮ್ಮೆ ಜಗ್ಗಿ ನೋಡುತ್ತಿದ್ದಳು. ಕೈ ಅಲ್ಲೇ ನಿಂತಿತು.

ಮನಸ್ಸಿಗೂ ಮದ್ದುಂಟು ಎಂದು ಆ ಊರಿಗೆ ಮೊದಲು ತೋರಿಸಿಕೊಟ್ಟವರು ಈ ಡಾಕ್ಟರು. ಆಗ ನಕ್ಕವರೇ ಆಮೇಲೆ ಬಾಗಿಲಲ್ಲಿ ಸಾಲುಗಟ್ಟಿದರು. ಮನಸ್ಸು ಯಾವುದನ್ನೂ ಬಿಸಾಡುವುದಿಲ್ಲ, ಅಟ್ಟಕ್ಕೆ ಹಾಕುತ್ತದೆ ಅಷ್ಟೇ ಎಂಬುದು ಅವರ ಮಾತು. ಊರವರ ಅಟ್ಟಗಳನ್ನೆಲ್ಲ ಜಾಲಾಡಿದ ಮೇಲೆ, ದೀಪದ ಬುಡದಲ್ಲೇ ಕತ್ತಲು ಎಂಬಂತೆ, ತಮ್ಮದೊಂದು ಉಳಿದಿದೆ ಎನಿಸಿತು. ಮಧ್ಯಾಹ್ನ ಪರದೆ ಎಳೆದು, ರೋಗಿಗಳ ಮಂಚದ ಮೇಲೆ ತಾವೇ ಮಲಗಿ, ಬಂದದ್ದು ಬರಲಿ ಎಂದು ಮನಸ್ಸನ್ನು ಸಡಿಲ ಬಿಡತೊಡಗಿದರು. ಹೆಂಡತಿಗೆ ನಿದ್ದೆ ಎಂದು ಹೇಳಿದ್ದರು.

ಪ್ರತಿ ಸಲ ಬಂದದ್ದು ಒಂದೇ. ಮಬ್ಬು ಬೆಳಕು. ಮೇಲೆ ಸೂರು, ಅದು ಅತ್ತಿತ್ತ ತೂಗುತ್ತದೆ. ಏಳೋಣವೆಂದರೆ ಕೈಕಾಲು ಮಾತು ಕೇಳುವುದಿಲ್ಲ. ಕಿವಿಯ ಹತ್ತಿರವೇ ಒಂದು ಎಳೆಯ ಧ್ವನಿ ಬಿಕ್ಕುತ್ತದೆ: "ಮಹಡಿ ಬಾಗಿಲ ಚಿಲಕ ನಾನೇ ಹಾಕ್ಲಿಲ್ಲ. ಯಾರಿಗೂ ಹೇಳ್ಬೇಡ."

ಅಣ್ಣ ಚಿಕ್ಕಂದಿನಲ್ಲೇ ಮಹಡಿಯಿಂದ ಬಿದ್ದು ಸತ್ತಿದ್ದ. ಗಾಳಿಗೆ ಬಾಗಿಲು ತೆರೆದುಕೊಂಡಿತು ಎಂಬಷ್ಟೇ ಮನೆಯ ಮಾತು. ಯಾವಾಗ ಎಂದು ಕೇಳಿದರೂ ಸಾಕು, ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ಡಾಕ್ಟರಿಗೆ ಈಗ ಎಲ್ಲಕ್ಕೂ ಅರ್ಥ ಸಿಕ್ಕಿತು. ಆ ಧ್ವನಿ ತಮ್ಮದೇ. ಸೂರು ತೂಗುವುದು ಪಾಪದ ತಲೆಸುತ್ತು. ಅಣ್ಣನ ಮುಖ ಎಳ್ಳಷ್ಟೂ ನೆನಪಿಲ್ಲದಿದ್ದದ್ದು ಇನ್ನೊಂದು ಸಾಕ್ಷಿ; ತಪ್ಪು ಮಾಡಿದ ಮನಸ್ಸು ಮೊದಲು ಮರೆಸುವುದು ಮುಖವನ್ನೇ ಎಂದು ಪಾಠ ಹೇಳಿದವರು ಅವರು.

ಅಂದಿನಿಂದ ಯಾವ ರೋಗಿ ತಪ್ಪು ಎಂದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವಂತಾಯಿತು.

ಕಂಡದ್ದು ಕೇಳಿದ್ದನ್ನೆಲ್ಲ ಅವರು ಅಕ್ಕನ ಮುಂದೆ ಬಿಚ್ಚಿಟ್ಟರು.

"ಇವತ್ತೇ ಅಮ್ಮನ ಕಾಲು ಹಿಡಿದು ಹೇಳ್ಬಿಡ್ತೀನಿ. ನಾಳೆಯಿಂದ ರೋಗಿಗಳನ್ನೂ ನೋಡಲ್ಲ. ನನಗೆ ಆ ಯೋಗ್ಯತೆ ಇಲ್ಲ."

"ಬೇಡ ಕಣೋ. ಯಾರಿಗೂ ಹೇಳ್ಬೇಡ."

"ಅಮ್ಮ ನನ್ನ ಮುಖ ನೋಡದೇ ಇದ್ರೂ ಪರವಾಗಿಲ್ಲ ಅಕ್ಕ. ನಿಜ ಹೇಳು, ನಿನಗೆ ಮೊದಲಿಂದ ಗೊತ್ತಿತ್ತಲ್ವಾ?"

"ಗೊತ್ತಿತ್ತು."

ಇಷ್ಟು ವರ್ಷ ಈ ಜೀವ ತಮ್ಮನ್ನು ಬಿಟ್ಟುಕೊಡದೆ ಕಾಯಿತಲ್ಲ ಎಂದು ಡಾಕ್ಟರ ಕಣ್ಣು ತುಂಬಿತು. ಹೋದಲ್ಲೆಲ್ಲ ಅವಳು ಚಿಲಕ ಜಗ್ಗಿ ನೋಡುವುದೂ ತಾವು ಮಾಡಿದ್ದರ ಫಲವೇ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ಎದ್ದು ಹೊರಟು ಬಾಗಿಲಿಗೆ ಕೈ ಹಾಕಿದರು.

ಅಕ್ಕ ಅಡ್ಡ ನಿಂತಳು.

"ತೂಗ್ತಿದ್ದಿದ್ದು ಸೂರಲ್ಲ ಕಣೋ, ನಿನ್ನ ತೊಟ್ಟಿಲು. ಮಾತು ಬರದ ಕೂಸಿನ ಹತ್ರ ಹೇಳ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ ಅಂತ, ತೂಗ್ತಾ ತೂಗ್ತಾ ದಿನಾ ನಿನ್ನ ಕಿವೀಲೇ ಹೇಳ್ಕೊಂಡು ಅಳ್ತಿದ್ದೆ."